ನಾಲ್ಕು ಬೆರಳಗಲ ಜಾಗ

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆ ಅಂತಲ್ಲ. ಹೆಸರು ಹೇಳಿದ ಕೂಡಲೇ ಓದುವವರು ಅವರನ್ನು ಒಂದು ಕಡೆ ಕೂರಿಸಿಬಿಡುತ್ತಾರೆ, ಆಮೇಲೆ ನಾನು ಏನು ಬರೆದರೂ ಅದು ಆ ಕಡೆಯ ಮಾತಾಗಿಯೇ ಕೇಳಿಸುತ್ತದೆ. ಊರಿನವರಿಗೆಲ್ಲ ಅವರು ಬೂಬಮ್ಮ. ನಮ್ಮ ಸೀಮೆಯಲ್ಲಿ ಮುಸಲ್ಮಾನರ ಯಾವ ಹೆಂಗಸಿಗಾದರೂ ಹಾಗೇ ಅಂದುಬಿಡುತ್ತಾರೆ, ಹಾಗಾಗಿ ಅದು ಹೆಸರೇ ಅಲ್ಲ. ನನಗೆ ಅದೇ ಸಾಕು.

ಒಂದು ಸಲ ಜನಗಣತಿಯ ಕೆಲಸಕ್ಕೆ ಮೇಷ್ಟ್ರುಗಳನ್ನೆಲ್ಲ ಹಚ್ಚಿದ್ದರು. ನಾನು ಊರಿನ ಪ್ರೈಮರಿ ಶಾಲೆಯ ಟೀಚರು, ನನ್ನ ಪಾಲಿಗೆ ನಮ್ಮೂರೇ ಬಂತು. ಫಾರಂ ಹಿಡಿದುಕೊಂಡು ಬೂಬಮ್ಮನ ಮನೆಗೆ ಹೋಗಿ ಕೂತೆ. ಮಾತೃಭಾಷೆ ಯಾವುದು ಎಂದು ಕೇಳಿದೆ.

"ಈಗ ನಿನ್ ಕುಟೆ ಯಾವುದ್ರಾಗೆ ಮಾತಾಡ್ತಿದೀನಿ?"

"ಕನ್ನಡದಾಗೆ."

"ಮತ್ತೆ ಅದ್ನೇ ಬರ್ಕ."

ಬಾಗಿಲಲ್ಲಿ ಅವರ ಮೈದುನ ನಿಂತಿದ್ದ. ಊರ ಮಸೀದಿಯ ಅಂಗಳದಲ್ಲಿರುವ ಗೋರಿಗೆ ದೀಪ ಹಚ್ಚುವ ಮುಜಾವರ ಅವನೇ. "ಉರ್ದು ಅಂತ ಬರೆಸು ಅತ್ತಿಗೆ, ನಮ್ಮೋರೆಲ್ಲ ಹಂಗೇ ಬರೆಸ್ತಾರೆ" ಅಂದ. ಬೂಬಮ್ಮ ಅವನ ಕಡೆ ತಿರುಗಲೂ ಇಲ್ಲ. "ಹತ್ತಿ ಹಿಂಜೋದಕ್ಕೆ ಉರ್ದುವಾಗೆ ಏನಂತಾರೆ, ಹೇಳು ನೋಡಾನ" ಅಂದರು. ಅವನು ತಲೆ ಕೆರೆದುಕೊಂಡ. "ಗೊತ್ತಿಲ್ದಿದ್ ಮ್ಯಾಲೆ ಸುಮ್ಕಿರು. ನಮ್ಮವ್ವ ನಂಗೆ ಬೈದಿದ್ದೆಲ್ಲ ಕನ್ನಡದಾಗೆ. ದೇವರಿಗೆ ನಾನು ಹೇಳ್ಕಳೋದೂ ಕನ್ನಡದಾಗೆ. ಅವ್ನಿಗೆ ತಿಳೀದಿದ್ರೆ ಕೇಳಾನು." ನಾನು ಕನ್ನಡ ಎಂದೇ ಬರೆದೆ.

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನಿಂದ ಇಳಿದು, ಕಾವಲಿನ, ಅಂದರೆ ಹುಲ್ಲುಗಾವಲಿನ, ಕಡೆಗೆ ಅರ್ಧ ಗಂಟೆ ನಡೆದರೆ ನಮ್ಮೂರು. ಹುಲ್ಲು, ಕುರಿ, ಗಾಳಿ. ಕುರಿ ಸಾಕುವ ಮನೆಗಳೇ ಹೆಚ್ಚು, ನಮ್ಮದೂ ಅದರಲ್ಲೊಂದು. ಬೂಬಮ್ಮನದು ಪಿಂಜಾರರ ಮನೆ. ಬಿಲ್ಲಿನಿಂದ ಹತ್ತಿ ಹಿಂಜಿ ಹಾಸಿಗೆ ದಿಂಬು ತುಂಬುವುದು ಅವರ ಕಸುಬು. ನಮ್ಮೂರಲ್ಲಿ ಕಂಬಳಿಗೆ ಬೇಕಾದ ಉಣ್ಣೆಯನ್ನೂ ಅವರೇ ಹಿಂಜುತ್ತಿದ್ದರು. ಬಿಲ್ಲಿನ ಹುರಿಯನ್ನು ಉಣ್ಣೆಯ ಗುಡ್ಡೆಯೊಳಗೆ ಇಳಿಸಿ ಮರದ ಬಡಿಗೆಯಿಂದ ಬಡಿದರೆ ಗಂಟು ಬಿಟ್ಟು ಉಣ್ಣೆ ಹಗುರಾಗಿ ಮೇಲೇಳುತ್ತದೆ. ನಾನು ಚಿಕ್ಕವಳಿದ್ದಾಗ ಆ ಬಿಲ್ಲು ಬಡಿಯುತ್ತಿದ್ದುದು ಅವರ ಗಂಡ.

ಗಂಡ ಸತ್ತಾಗ ಬೂಬಮ್ಮನಿಗೆ ಮೂವತ್ತೋ ಮೂವತ್ತೆರಡೋ. ಬಿಲ್ಲು ಗೂಟಕ್ಕೆ ಏರಿತು. ನಲವತ್ತು ದಿನ ಕಳೆದ ಮೇಲೆ ಅವರೇ ಅದನ್ನು ಇಳಿಸಿ ಭುಜಕ್ಕೆ ಹಾಕಿಕೊಂಡು ಬೀದಿಗೆ ಬಂದರು. ಹೆಂಗಸು ಬಿಲ್ಲು ಮುಟ್ಟುವುದೇ, ಎಂದು ಅವರ ಹಿರಿಯರೂ ಅಂದರು, ನಮ್ಮ ಹಿರಿಯರೂ ಅಂದರು. ಈ ಒಂದು ವಿಷಯಕ್ಕೆ ಎರಡೂ ಕಡೆಯವರು ಒಟ್ಟಿಗೆ ಕಟ್ಟೆಯ ಮೇಲೆ ಕೂತಿದ್ದನ್ನು ನಾನೇ ನೋಡಿದ್ದೇನೆ. ಬೂಬಮ್ಮ ಕಟ್ಟೆಯ ಎದುರಿಗೇ ನಿಂತು, "ಬಿಲ್ಲು ಬಡಿಯೋದು ಕೈ. ಮೀಸೆ ಏನು ಬಡೀತೈತಾ?" ಎಂದು ಕೇಳಿ ಮುಂದೆ ಹೋದರು. ಸಂಜೆಗೆ ಕಟ್ಟೆಯ ಮೇಲಿದ್ದವರೊಬ್ಬರ ಮನೆಯಿಂದಲೇ ಹಳೇ ಹಾಸಿಗೆ ಬಿಚ್ಚುವ ಕೆಲಸ ಬಂತು.

ವರ್ಷಗಟ್ಟಲೆ ಬಿಲ್ಲು ಹೊತ್ತು ಅವರ ಎಡಭುಜ ಬಲಭುಜಕ್ಕಿಂತ ಕೆಳಗೆ ಇಳಿದಿತ್ತು. ಹುಬ್ಬಿನಲ್ಲಿ ಯಾವಾಗಲೂ ಹತ್ತಿಯ ಎಳೆ. ಕಡ್ಡಿಪುಡಿ ಹಾಕಿ ಎಲೆ ಅಡಿಕೆ ಜಗಿಯುತ್ತಿದ್ದರು, ಜಗಿಯುವಾಗ ಮಾತಿಲ್ಲ. ಆಗ ಯಾರಾದರೂ ವಾದಕ್ಕೆ ಬಂದರೆ ಬಿಲ್ಲಿನ ಹುರಿಯನ್ನು ಬೆರಳಿನಿಂದ ಒಮ್ಮೆ ಮೀಟುವರು. ಟಂಯ್ ಅನ್ನುವುದು. ಮಾತು ಮುಗಿಯಿತು, ಎದ್ದು ಹೋಗು ಎಂದು ಅದರ ಅರ್ಥ. ಊರಿನಲ್ಲಿ ಅದು ಗೊತ್ತಿಲ್ಲದವರು ಯಾರೂ ಇರಲಿಲ್ಲ.

ಮೊಳಕಾಲ್ಮೂರಿಗೆ ಹೋಗುವಾಗ ಬಿಲ್ಲನ್ನೂ ಬಸ್ಸಿಗೆ ಹತ್ತಿಸುತ್ತಿದ್ದರು. ಮನುಷ್ಯರಷ್ಟೇ ಉದ್ದದ ಬಿಲ್ಲು, ಎರಡು ಸೀಟಿಗೆ ಅಡ್ಡ. ಒಬ್ಬ ಹೊಸ ಕಂಡಕ್ಟರು ಇದಕ್ಕೆ ಲಗೇಜ್ ಟಿಕೆಟ್ ತಗೊಳ್ಳಬೇಕು ಅಂದ. "ಲಗೇಜ್ ಅಲ್ಲಪ್ಪ ಇದು, ನನ್ನ ಗಂಡ. ಅವ್ನು ಹೋದ ಮ್ಯಾಲೆ ನಂಗೆ ಅನ್ನ ಹಾಕ್ತಿರೋದು ಇದೇಯ. ಟಿಕೆಟ್ ಹರಿ, ಬ್ಯಾಡ ಅನ್ನಲ್ಲ. ಆದ್ರೆ ಗಂಡಂಗೆ ಸೀಟ್ ಬಿಡಿಸ್ಕೊಡು" ಅಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಮೊಳಕಾಲ್ಮೂರಿನಲ್ಲಿ ಇಳಿಯುವಷ್ಟರಲ್ಲಿ ಅದೇ ಕಂಡಕ್ಟರನಿಗೆ ಎರಡು ದಿಂಬು ತುಂಬಿಕೊಡುವ ಮಾತು ಆಗಿತ್ತು. ಆ ಊರಿನ ರೇಷ್ಮೆ ನೇಕಾರರ ಜೊತೆ ತೆಲುಗು, ಚಳ್ಳಕೆರೆಯ ಸಂತೆಯಲ್ಲಿ ಅರ್ಧಂಬರ್ಧ ಉರ್ದು. ಅವರ ಉರ್ದು ಕೇಳಿ ಸಂತೆಯವರು ನಗುತ್ತಿದ್ದರು. ಇವರು ಅವರಿಗಿಂತ ಜೋರಾಗಿ ನಗುತ್ತಿದ್ದರು.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಜೋರು ಬಾಯಿಯ ಹೆಂಗಸರು ಎಲ್ಲ ಊರಲ್ಲೂ ಇರುತ್ತಾರೆ, ನಾನೂ ಒಬ್ಬಳು. ಬರೆಯಬೇಕಾಗಿರುವುದು ಉರುಸಿನ ಕಂಬಳಿಯ ವಿಷಯ.

ನಮ್ಮೂರ ಮಸೀದಿ ಸಣ್ಣದು. ಕಾವಲು ಶುರುವಾಗುವ ಕಡೆ ಇದೆ. ಅಂಗಳದ ಬೇವಿನ ಮರದ ಕೆಳಗೆ ಒಂದು ಗೋರಿ. ಊರಿನವರೆಲ್ಲರಿಗೂ ಅದು ಕಂಬಳಿ ತಾತ. ಯಾವುದೋ ಕಾಲದಲ್ಲಿ ಒಬ್ಬ ಫಕೀರ ಚಳಿಗಾಲದಲ್ಲಿ ಕಾವಲು ದಾಟಿಕೊಂಡು ಬಂದನಂತೆ, ನಡುಗುತ್ತ ಇದೇ ಜಾಗದಲ್ಲಿ ಕೂತನಂತೆ, ಕುರಿ ಕಾಯುವವನೊಬ್ಬ ತನ್ನ ಮೈಮೇಲಿದ್ದ ಕಂಬಳಿ ತೆಗೆದು ಅವನಿಗೆ ಹೊದಿಸಿದನಂತೆ. ಫಕೀರ ಮತ್ತೆ ಏಳಲಿಲ್ಲ. ಕಂಬಳಿ ಕೊಟ್ಟವನು ತಮ್ಮ ಮನೆತನದವನೇ ಎಂದು ಊರಿನ ಹನ್ನೆರಡು ಕುರಿಮನೆಯವರೂ ಹೇಳುತ್ತಾರೆ. ನನ್ನನ್ನು ಕೇಳಿದರೆ ಅದು ನಮ್ಮ ಮನೆಯವನೇ.

ಆದ್ದರಿಂದ ತಾತನಿಗೆ ಪ್ರತಿ ವರ್ಷ ಹೊಸ ಕಂಬಳಿ. ದೀಪಾವಳಿ ಕಳೆದು ಕುರಿಗಳ ಉಣ್ಣೆ ಕತ್ತರಿಸುವಾಗ ಬೂಬಮ್ಮ ಹನ್ನೆರಡು ಮನೆಯ ಕುರಿರೊಪ್ಪಕ್ಕೂ ಹೋಗಿ ಸೆರಗು ಒಡ್ಡುತ್ತಿದ್ದರು. ಪ್ರತಿ ಮನೆಯ ಯಜಮಾನ ಕರಿ ಕುರಿಯ ಉಣ್ಣೆಯನ್ನು ಒಂದು ಮಡಿಲು ತುಂಬ ಕೊಡಬೇಕು. ನಮ್ಮಲ್ಲಿ ಮುತ್ತೈದೆಗೆ ಮಾತ್ರ ಮಡಿಲು ತುಂಬುವುದು. ಈ ಒಬ್ಬ ವಿಧವೆಯ ಮಡಿಲನ್ನು ಹನ್ನೆರಡು ಮನೆಯವರು ತುಂಬುತ್ತಿದ್ದರು, ಯಾರಿಗೂ ಅದು ಅಪಶಕುನ ಅನ್ನಿಸಿರಲಿಲ್ಲ. ಆ ಉಣ್ಣೆಯನ್ನು ಅವರು ಹಿಂಜಿದರೆ ನಮ್ಮ ಹೆಂಗಸರು ನೂಲು ತೆಗೆಯುವರು, ನೇಯುವವರ ಮನೆಯ ಮಾವ ಹುಣಸೆಬೀಜದ ಗಂಜಿ ಹಚ್ಚಿ ನೇಯುವನು. ಸಂಕ್ರಾಂತಿ ಆದ ಗುರುವಾರ ಉರುಸು. ಮಧ್ಯಾಹ್ನ ಮೊದಲು ಕಂಬಳಿ ಹೊದಿಸಿ, ಅದರ ಮೇಲೆ ಮೊಳಕಾಲ್ಮೂರಿನ ನೇಕಾರರ ಮನೆಯೊಂದರಿಂದ ಬರುವ ಹಸಿರು ರೇಷ್ಮೆಯ ಚಾದರ. ಆಮೇಲೆ ಸಕ್ಕರೆಗೆ ಫಾತಿಹಾ ಓದಿಸುವವರು ಸಕ್ಕರೆ, ಬೆಲ್ಲದ ಮಾದ್ಲಿ ಮಾಡಿ ತರುವವರು ಮಾದ್ಲಿ. ಸಾಲಿನಲ್ಲಿ ನಮ್ಮವ್ವನ ಹಿಂದೆ ಮುಜಾವರನ ಹೆಂಡತಿ, ಅವಳ ಹಿಂದೆ ಚಳ್ಳಕೆರೆಯ ಶೆಟ್ಟರ ಸೊಸೆ. ಯಾರಿಗೂ ಯಾರೂ ಕರೆ ಕೊಡುವುದಿಲ್ಲ. ಬರದಿದ್ದರೆ ಮಾತ್ರ ಮರುದಿನ ಮನೆಗೆ ಬಂದು ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ.

ಒಂದು ಕಟ್ಟಳೆ ಇತ್ತು. ಹನ್ನೆರಡರಲ್ಲಿ ಒಂದು ಮನೆಯ ಉಣ್ಣೆ ತಪ್ಪಿದರೂ ಆ ವರ್ಷ ಕಂಬಳಿ ಇಲ್ಲ. ಯಾರೂ ತಪ್ಪಿಸಿರಲಿಲ್ಲವಾದ್ದರಿಂದ ಅದು ಕಟ್ಟಳೆ ಎನ್ನುವುದೇ ನಮಗೆ ಮರೆತಿತ್ತು.

ತೊಂಬತ್ತರ ದಶಕದಲ್ಲಿ ಗಾಳಿ ಕೆಟ್ಟಿತು. ಯಾರೋ ದೂರದಲ್ಲಿ ಹಚ್ಚಿದ್ದರ ಹೊಗೆ ನಮ್ಮ ಕಾವಲಿನ ಊರಿಗೂ ಬಂತು. ನನ್ನ ಅಣ್ಣ ಚಳ್ಳಕೆರೆಯಲ್ಲಿ ಯಾವುದೋ ಸಭೆಗೆ ಹೋಗಿ ಬಂದವನು ಊಟಕ್ಕೆ ಕೂತು, "ನಮ್ ಕುರಿ ಉಣ್ಣೆ ಈ ಸಲ ಮಸೀದಿಗೆ ಹೋಗಲ್ಲ" ಅಂದ. ಅತ್ತಿಗೆ ಮುದ್ದೆ ಬಡಿಸುತ್ತಿದ್ದವಳು ಕೈ ನಿಲ್ಲಿಸಿ, "ಯಾಕ್ರಿ, ತಾತ ಏನ್ ಮಾಡ್ದ?" ಎಂದು ಕೇಳಿದಳು. "ಹೋಗಲ್ಲ ಅಂದ್ರೆ ಹೋಗಲ್ಲ." ಅಣ್ಣ ಕೆಟ್ಟವನಲ್ಲ. ಈಗಲೂ ಹೇಳುತ್ತೇನೆ, ಕೆಟ್ಟವನಲ್ಲ. ಆದರೆ ಆ ದಿನ ಅವನ ಬಾಯಿಂದ ಬಂದದ್ದು ಅವನ ಮಾತಾಗಿರಲಿಲ್ಲ. ನನಗೆ ಸಿಟ್ಟು ಬಂದು ಊಟ ಬಿಟ್ಟೆದ್ದೆ. ನನ್ನ ಸಿಟ್ಟಿನಿಂದ ಅವನಿಗೆ ಏನೂ ಆಗಲಿಲ್ಲ.

ಸುದ್ದಿ ಮಸೀದಿಗೂ ಮುಟ್ಟಿತು. ಕಮಿಟಿಯ ಅಧ್ಯಕ್ಷ ನಮ್ಮೂರಿನವನೇ, ಚಳ್ಳಕೆರೆಯಲ್ಲಿ ಕಬ್ಬಿಣದ ಅಂಗಡಿ ಇಟ್ಟುಕೊಂಡಿದ್ದ. ಗೋರಿಗೆ ಕಂಬಳಿ ಹೊದಿಸುವುದು, ಎಲ್ಲರೂ ಬಂದು ಸಕ್ಕರೆ ಓದಿಸುವುದು ಅವನಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ, ಹೇಳಲು ನೆಪ ಸಿಕ್ಕಿರಲಿಲ್ಲ. ಈಗ ಸಿಕ್ಕಿತು. ಬೂಬಮ್ಮನನ್ನು ಕರೆಸಿ, "ಒಂದು ಮನೆ ಉಣ್ಣೆ ತಪ್ಪಿದ್ರೂ ಕಂಬಳಿ ಇಲ್ಲ ಅಂತ ನಿಮ್ದೇ ಕಟ್ಟಳೆ. ಅವ್ರೇ ಬ್ಯಾಡ ಅಂದ್ರಲ್ಲ. ಇನ್ಮ್ಯಾಲೆ ಚಾದರ ಒಂದೇ ಸಾಕು. ಮರ್ಯಾದಿಯಾಗಿ ಮುಗಿಸಾನ" ಎಂದು ಹೇಳಿದ.

"ಮುಗಿಸಾಕೆ ನೀನ್ಯಾರು? ಶುರು ಮಾಡ್ದೋನಾ?" ಎಂದು ಕೇಳಿ ಬೂಬಮ್ಮ ಎದ್ದು ಬಂದರು. ಮಸೀದಿಯ ಬಾಗಿಲಿಂದ ನೇರ ನಮ್ಮ ಶಾಲೆಗೆ ಬಂದು ಇದಿಷ್ಟನ್ನೂ ನನಗೆ ಹೇಳಿದರು. ಹೇಳುವಾಗ ಕಣ್ಣು ಒದ್ದೆಯಾಗಿತ್ತು. ಅದನ್ನು ನಾನು ನೋಡಿದ್ದು ಅದೊಂದೇ ಸಲ. "ನನ್ ಗಂಡ ಸತ್ತಾಗ ಹನ್ನೆರಡು ಮನೆಯಿಂದ ರಾಗಿ ಬಂತು ಟೀಚರಮ್ಮ. ಅದ್ರಾಗೆ ನಿಮ್ಮ ಮನೇದೂ ಇತ್ತು. ನಾನು ಈಗ ಹನ್ನೊಂದು ಮನೆಯೋಳು ಹೆಂಗಾಗ್ಲಿ?"

ನಾನು ಆಗ ಮಾಡಿದ ಕೆಲಸ ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ. ಮನೆಯ ಅಟ್ಟದ ಮೇಲೆ ಚೀಲದಲ್ಲಿ ಕಟ್ಟಿಟ್ಟಿದ್ದ ಕರಿ ಉಣ್ಣೆಯಲ್ಲಿ ಒಂದು ಮಡಿಲಿನಷ್ಟು ತೆಗೆದು, ಅಣ್ಣನಿಗೆ ಹೇಳದೆ, ಸೀರೆಯಲ್ಲಿ ಮುಚ್ಚಿಕೊಂಡು ಹೋಗಿ ಅವರ ಮುಂದೆ ಸುರಿದೆ. "ಅಣ್ಣ ಕೊಟ್ಟ" ಅಂದೆ. ಬೂಬಮ್ಮ ಒಂದು ಎಳೆ ಎತ್ತಿ ಬೆರಳಲ್ಲಿ ಉಜ್ಜಿದರು, ಮೂಗಿಗೆ ಹಿಡಿದರು.

"ಕುರಿಮನ್ಯಾಗೆ ಹುಟ್ಟಿ ಇಷ್ಟೂ ತಿಳೀದೇನವ್ವ ನಿಂಗೆ? ಕತ್ರಿಯಿಂದ ಬಂದ ಉಣ್ಣೆ ಕೈಗೆ ಜಿಡ್ಡು ಅಂಟ್ತೈತೆ. ಇದು ಹೋದ ವರ್ಷದ್ದು, ಚೀಲದಾಗೆ ಒಣಗೈತೆ, ಬೇವಿನ ಎಲೆ ವಾಸ್ನಿ ಬ್ಯಾರೆ. ಕದ್ದು ತಂದಿದೀಯ."

"ಯಾರಿಗೆ ಗೊತ್ತಾಗ್ತೈತೆ ಬೂಬಮ್ಮ? ಹನ್ನೆರಡು ಆತಲ್ಲ."

"ನಂಗೆ ಗೊತ್ತಾತಲ್ಲ. ತಾತಂಗೆ ಕದ್ದಿದ್ದು ಹೊದಿಸ್ಲಾ ನಾನು? ಅದ್ಕಿಂತ ಚಳಿಯಾಗೇ ಇರ್ಲಿ ಬಿಡು." ಬಿಲ್ಲಿನ ಹುರಿ ಮೀಟಿದರು. ಟಂಯ್. ನಾನು ಉಣ್ಣೆ ಕಟ್ಟಿಕೊಂಡು ವಾಪಸು ಬಂದೆ. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಆ ದಿನ ಪಾಠವಾಯಿತು.

ಮರುದಿನ ಬೆಳಗ್ಗೆ ಅಣ್ಣ ರೊಪ್ಪದಲ್ಲಿ ಕುರಿ ಕತ್ತರಿಸುತ್ತಿರುವಾಗ ಬೂಬಮ್ಮ ಬಂದು ಬೇಲಿಯ ಹೊರಗೆ ನಿಂತು ಸೆರಗು ಒಡ್ಡಿದರು. ಪ್ರತಿ ವರ್ಷದ ಹಾಗೇ. ಅಣ್ಣ ತಲೆ ಎತ್ತಲಿಲ್ಲ. ಅವರು ನಿಂತೇ ಇದ್ದರು. ಒಂದು ಕುರಿ ಮುಗಿಯಿತು, ಇನ್ನೊಂದು ಮುಗಿಯಿತು, ಮೂರನೆಯದೂ ಮುಗಿಯಿತು. ಒಡ್ಡಿದ ಸೆರಗು ಹಾಗೇ ಇತ್ತು.

"ಹೋಗು ಬೂಬಮ್ಮ. ನಮ್ಮನೇದು ಇಲ್ಲ" ಅಂದ ಅಣ್ಣ ಕೊನೆಗೆ.

"ಯಾಕೆ ಅಂತ ಹೇಳು, ಹೋಗ್ತೀನಿ."

"ನಿಮ್ದು ನಿಮ್ಗೆ, ನಮ್ದು ನಮ್ಗೆ. ಅಷ್ಟೇ."

"ಲೇ ತಮ್ಮಾ, ನೀನು ಹುಟ್ಟಿದಾಗ ನಿನ್ನ ಹಾಸಿಗೆ ತುಂಬಿದ್ದು ನನ್ ಗಂಡ. ಅದು ನಮ್ದಾ ನಿಮ್ದಾ?"

ಅಣ್ಣ ಕತ್ತರಿ ಆಡಿಸುತ್ತಲೇ ಇದ್ದ. ಬೂಬಮ್ಮ ಸೆರಗು ಕೊಡವಿ ಹೆಗಲಿಗೆ ಹಾಕಿಕೊಂಡರು. "ಆತು ಬಿಡು. ಬೇಡಾಕೆ ಬಂದಿಲ್ಲ ನಾನು, ನಿನ್ ಪಾಲು ಕೇಳಾಕೆ ಬಂದಿದ್ದೆ. ಕೊಡದಿದ್ರೆ ಕೊಡಬ್ಯಾಡ. ನಿನ್ ಜಾಗ ಹಂಗೇ ಇರ್ತೈತೆ" ಎಂದು ಹೇಳಿ ಹೋದರು.

ಜಾಗ ಹಾಗೇ ಇರುತ್ತದೆ ಎಂದರೆ ಏನು ಎಂದು ನನಗೆ ಆಗ ತಿಳಿಯಲಿಲ್ಲ. ಉರುಸಿನ ದಿನ ತಿಳಿಯಿತು. ಹನ್ನೊಂದು ಮನೆಯ ಉಣ್ಣೆಯಲ್ಲಿ ಕಂಬಳಿ ನೇಯಿಸಿದ್ದರು. ನೇಯುವ ಮಾವನಿಗೆ ಹೇಳಿ ಪಾದದ ಕಡೆ ನಾಲ್ಕು ಬೆರಳಗಲ ಅಡ್ಡ ಎಳೆಯ ಹೊಕ್ಕು ಹಾಕಿಸಿರಲಿಲ್ಲ. ಅಷ್ಟಗಲ ಬರೀ ಉದ್ದ ಹಾಸಿನ ಎಳೆಗಳು, ಈಚೆಯಿಂದ ನೋಡಿದರೆ ಆಚೆ ಕಾಣುತ್ತಿತ್ತು. ಅದರಾಚೆ ಮತ್ತೆ ಗಟ್ಟಿ ನೇಯ್ಗೆ.

ಅಧ್ಯಕ್ಷ ಗೋರಿಯ ಹತ್ತಿರ ಅಡ್ಡ ನಿಂತ. "ಹನ್ನೊಂದೇ ಮನೇದು. ಕಟ್ಟಳೆ ಪ್ರಕಾರ ಇದು ಕಂಬಳಿ ಅಲ್ಲ. ಅದೂ ಅಲ್ದೆ ಹರುಕು."

"ಹರುಕಲ್ಲ, ಕಣ್ ಬಿಟ್ಟು ನೋಡು. ಹನ್ನೆರಡನೇ ಮನೆ ಜಾಗ ಅದು. ಬಿಟ್ಟೀನಿ. ಜಾಗ ಐತೆ ಅಂದ್ ಮ್ಯಾಲೆ ಮನೆ ತಪ್ಪೈತೆ ಅಂತ ಹೆಂಗಂತೀಯ?"

ಅಂಗಳದಲ್ಲಿ ಎರಡು ನೂರು ಜನ ಇದ್ದಿರಬಹುದು. ಅಧ್ಯಕ್ಷ ಮುಜಾವರನ ಮುಖ ನೋಡಿದ. ಅತ್ತಿಗೆಗೆ ಹೆದರಿಯೇ ಬೆಳೆದ ಮೈದುನ ಅವನು. ಆ ದಿನ ಹೆದರಿ ಮಾಡಿದನೋ ಮನಸ್ಸಿಟ್ಟು ಮಾಡಿದನೋ, ಕಂಬಳಿಯ ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ನೇಯುವ ಮಾವ ಹಿಡಿದ. ಕಂಬಳಿ ಹೊದಿಸಿದರು. ಮೊಳಕಾಲ್ಮೂರಿನವರು ಮೇಲೆ ರೇಷ್ಮೆ ಚಾದರ ಹಾಸಿದಾಗ ಆ ಖಾಲಿ ಪಟ್ಟೆ ಮುಚ್ಚಿಹೋಯಿತು. ಬೂಬಮ್ಮ ಬಗ್ಗಿ ಚಾದರದ ಅಂಚನ್ನು ಮಡಚಿ, ಪಟ್ಟೆ ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಸಕ್ಕರೆ ಓದಿಸಲು ಬಂದ ಪ್ರತಿಯೊಬ್ಬರೂ ಇದೇನು ಎಂದು ಕೇಳಿದರು. ಪ್ರತಿಯೊಬ್ಬರಿಗೂ ಅವರು ನಮ್ಮ ಮನೆಯ ಹೆಸರು ಹೇಳಿ, "ಅವ್ರ ಜಾಗ, ಬರ್ತಾರೆ" ಅಂದರು. ಸಾಲಿನಲ್ಲಿದ್ದ ನನಗೆ ನಾಚಿಕೆಯೂ ಆಯಿತು, ಎದೆ ಉಬ್ಬಿಯೂ ಬಂತು. ಎರಡೂ ಒಟ್ಟಿಗೆ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಅಣ್ಣ ಉರುಸಿಗೆ ಬರಲಿಲ್ಲ. ನಾನು ಮನೆ ಸೇರುವ ಮೊದಲೇ ಸುದ್ದಿ ಅವನಿಗೆ ಮುಟ್ಟಿತ್ತು. "ಊರ ಮುಂದೆ ಮಾನ ಕಳೆದಳು" ಎಂದು ಕೂಗಾಡಿದ. ಅತ್ತಿಗೆ, "ಕಳೆದಿಲ್ಲ, ಕಾದಿಟ್ಟವಳೆ" ಎಂದು ಹೇಳಿ ಒಲೆಯ ಕಡೆ ಹೋದಳು. ಮರುವರ್ಷವೂ ಬೂಬಮ್ಮ ಬೇಲಿಯ ಹತ್ತಿರ ಬಂದು ಸೆರಗು ಒಡ್ಡಿದರು, ಮರುವರ್ಷವೂ ಅಣ್ಣ ತಲೆ ಎತ್ತಲಿಲ್ಲ. ಎರಡನೆಯ ಕಂಬಳಿಯಲ್ಲೂ ನಾಲ್ಕು ಬೆರಳು ಖಾಲಿ.

ಹೊಸ ಕಂಬಳಿ ಹೊದಿಸಿದ ದಿನ ಹಳೆಯದನ್ನು ತೆಗೆಯುತ್ತಾರೆ. ಅದನ್ನು ಒಗೆದು ಒಣಗಿಸಿ, ಉರುಸು ಆದ ಮೇಲೆ ಊರಿನಲ್ಲಿ ಮೊದಲು ಮಗು ಹುಟ್ಟುವ ಮನೆಗೆ ಕೊಡುವುದು ಪದ್ಧತಿ. ಬಾಣಂತಿಯ ಹಾಸಿಗೆ ಮೇಲೆ ಅದನ್ನು ಹಾಸುತ್ತಾರೆ. ಯಾವ ಜಾತಿ ಯಾವ ಮನೆ ಎಂದು ಕೇಳುವುದಿಲ್ಲ. ಆ ವರ್ಷ ಮೊದಲು ಹುಟ್ಟಿದ್ದು ಅಣ್ಣನ ಮಗಳ ಮಗು. ಹೆರಿಗೆಗೆ ತವರಿಗೆ ಬಂದಿದ್ದಳು. ಕಾವಲಿನ ಮೇಲಿಂದ ಬರುವ ಚಳಿಗಾಳಿಗೆ ಮನೆಯ ಗೋಡೆ ಕೂಡ ತಣ್ಣಗಾಗಿತ್ತು.

ಬೂಬಮ್ಮ ಎರಡು ವರ್ಷದಲ್ಲಿ ಮೊದಲ ಸಲ ನಮ್ಮ ಅಂಗಳಕ್ಕೆ ಬಂದರು. ಹೆಗಲ ಮೇಲೆ ಆ ಮೊದಲ ವರ್ಷದ ಕಂಬಳಿ. ಅಣ್ಣ ಕಟ್ಟೆಯ ಮೇಲೆ ಕೂತಿದ್ದ.

"ಸರದಿ ನಿಮ್ಮನೇದು. ತಗಂತೀಯೋ, ಮುಂದಿನ ಮನೆಗೆ ಹೋಗ್ಲೋ?"

ಒಳಗೆ ಮಗು ಅಳುತ್ತಿತ್ತು. ಅತ್ತಿಗೆ ಹೊರಗೆ ಬಂದು ಯಾರನ್ನೂ ಕೇಳದೆ ಕಂಬಳಿ ಇಸಿದುಕೊಂಡು ಬಿಚ್ಚಿದಳು. ಪಟ್ಟೆಯೊಳಗೆ ಕೈ ತೂರಿಸಿ ಅಣ್ಣನ ಕಡೆ ಹಿಡಿದಳು. ಬೆರಳು ಐದೂ ಈಚೆ ಬಂದವು.

"ನೋಡ್ರಿ. ನಿಮ್ ಮೊಮ್ಮಗೂಗೆ ಚಳಿ ಬರೋದು ಇಲ್ಲಿಂದಲೇ."

ಅಣ್ಣ ಎದ್ದ. ರೊಪ್ಪಕ್ಕೆ ಹೋದ. ಕೈಗೆ ಸಿಕ್ಕಿದ ಕುರಿ ಹಿಡಿದು ಕತ್ತರಿ ಹಾಕಿದ. ಬಣ್ಣ ನೋಡಲಿಲ್ಲ, ಅದು ಕೆಂಚು ಕುರಿ. ಉಣ್ಣೆ ತಂದು ಬೂಬಮ್ಮನ ಮುಂದೆ ನಿಂತ. ಅವರು ಸೆರಗು ಒಡ್ಡಿದರು, ಅವನು ಹಾಕಿದ. ಬೂಬಮ್ಮ ಒಂದು ಎಳೆ ಉಜ್ಜಿ ನೋಡಿ, ನನ್ನ ಕಡೆ ತಿರುಗಿ, "ನೋಡಿದ್ಯಾ ಟೀಚರಮ್ಮ, ಜಿಡ್ಡು" ಅಂದರು.

ಅಂದೇ ಹಿಂಜಿದರು. ಅತ್ತಿಗೆ ಅಲ್ಲೇ ಕೂತು ನೂಲು ತೆಗೆದಳು, ದಬ್ಬಳದಲ್ಲಿ ಒಂದೊಂದೇ ಎಳೆ ಹೊಕ್ಕು ಹಾಕಿ ಪಟ್ಟೆ ತುಂಬಿದಳು. ಕರಿ ಕಂಬಳಿಯಲ್ಲಿ ನಾಲ್ಕು ಬೆರಳು ಕೆಂಚು. ಆ ಮಗು ಈಗ ಹೈಸ್ಕೂಲು ದಾಟಿದೆ, ಕಂಬಳಿ ಇನ್ನೂ ಆ ಮನೆಯಲ್ಲಿದೆ.

ಮುಂದಿನ ವರ್ಷ ಹನ್ನೆರಡೂ ಮನೆಯ ಉಣ್ಣೆ ಬಂತು. ಆದರೂ ಬೂಬಮ್ಮ ನಾಲ್ಕು ಬೆರಳು ಬಿಡಿಸಿಯೇ ನೇಯಿಸಿದರು. ಈಗ ಯಾಕೆ ಎಂದು ಕೇಳಿದೆ. "ಯಾವ ವರ್ಷ ತಗಂಡ್ರೂ ಯಾರೋ ಒಬ್ರು ಮುನಿಸ್ಕಂಡಿರ್ತಾರೆ. ಅವ್ರು ವಾಪಸ್ ಬರಾಕೆ ಜಾಗ ಬ್ಯಾಡ್ವಾ?" ಅಂದರು. ಅಧ್ಯಕ್ಷ ಪ್ರತಿ ವರ್ಷ ಗೊಣಗಿದ, ಪ್ರತಿ ವರ್ಷ ಕಂಬಳಿ ಹೊದಿಸಿದರು. ನಮ್ಮ ಕಡೆಯಿಂದಲೂ ಯಾರಾದರೂ ಬಂದು ಕೊಡಬೇಡ ಎಂದು ಅಣ್ಣನಿಗೆ ಬುದ್ಧಿ ಹೇಳುತ್ತಿದ್ದರು. ಅವರಿಗೆ ಅಣ್ಣ ಚಹಾ ಕೊಟ್ಟು ಕಳಿಸುತ್ತಿದ್ದ, ಉಣ್ಣೆಯನ್ನು ಮಸೀದಿಗೇ ಕೊಡುತ್ತಿದ್ದ.

ಕೊನೆಯ ಎರಡು ವರ್ಷ ಬೂಬಮ್ಮನ ಎಡಗೈ ಏಳುತ್ತಿರಲಿಲ್ಲ. ಅತ್ತಿಗೆ ಹೋಗಿ ಬಿಲ್ಲು ಹಿಡಿಯುವಳು, ಇವರು ಪಕ್ಕದಲ್ಲಿ ಕೂತು ಬೈಯುತ್ತ ಕಲಿಸುವರು. "ಮೆತ್ತಗೆ ಬಡಿಯವ್ವ, ಉಣ್ಣೆ ಏನ್ ನಿನ್ ಗಂಡನಾ" ಎಂದು ಅವರು ಬೈದರೆ ಅತ್ತಿಗೆ ಬಿದ್ದು ಬಿದ್ದು ನಗುತ್ತಿದ್ದಳು. ಒಂದು ದಿನ ಬಿಲ್ಲನ್ನು ನಮ್ಮ ಮನೆಗೇ ಕಳಿಸಿಬಿಟ್ಟರು, "ಗೂಟಕ್ಕೆ ಮಾತ್ರ ಹಾಕ್ಬ್ಯಾಡ್ರಿ" ಎಂದು ಹೇಳಿ. ಆ ಮಳೆಗಾಲ ಕಳೆಯುವ ಮೊದಲೇ ತೀರಿಕೊಂಡರು. ಮಣ್ಣಿಗೆ ಇಡುವಾಗ ಹನ್ನೆರಡು ಮನೆಯ ಯಜಮಾನರೂ ಇದ್ದರು. ನಾನು ದೂರದಲ್ಲಿ ನಿಂತು ಅತ್ತೆ, ಮುಚ್ಚಿಟ್ಟುಕೊಳ್ಳಲಿಲ್ಲ.

ದೀಪಾವಳಿ ಕಳೆಯಿತು. ಒಂದು ಶುಕ್ರವಾರ ನಮಾಜು ಆದ ಮೇಲೆ ಮಸೀದಿಯ ಅಂಗಳದಲ್ಲಿ ಅಧ್ಯಕ್ಷ ಉರುಸಿನ ಮಾತು ತೆಗೆದ. ಹಿಂಜುವವರು ಹೋದರು, ಇನ್ನು ಕಂಬಳಿ ಬೇಡ, ನಮ್ಮ ನಮ್ಮಷ್ಟಕ್ಕೆ ಚಾದರ ಹಾಕಿ ಮುಗಿಸೋಣ ಎಂದ. ಮುಜಾವರ ಸದ್ದಿಲ್ಲದೆ ಒಬ್ಬರನ್ನು ನಮ್ಮ ಮನೆಗೆ ಓಡಿಸಿದ್ದ. ಅಣ್ಣ ಬಂದ, ಹಿಂದೆ ಅತ್ತಿಗೆ ಬಿಲ್ಲು ಹೊತ್ತು ಬಂದಳು, ಅವಳ ಹಿಂದೆ ನಾನು.

"ಹಿಂಜೋರು ಇಲ್ಲೇ ಅವ್ರೆ" ಅಂದ ಅಣ್ಣ.

"ನಿಮ್ಗ್ಯಾಕೆ ಯಜಮಾನ್ರೆ ಇಷ್ಟು ಹಠ? ಒಂದು ಕಾಲ್ದಾಗೆ ಕೊಡಲ್ಲ ಅಂದೋರು ನೀವೇಯ."

"ಹೌದು, ಅಂದಿದ್ದೆ. ಎರಡು ವರ್ಷ ಅಂದಿದ್ದೆ. ಎರಡು ವರ್ಷನೂ ನನ್ ಜಾಗ ಬ್ಯಾರೆ ಯಾರಿಗೂ ಕೊಡ್ಲಿಲ್ಲ ಆ ಯಮ್ಮ." ಅಣ್ಣ ಬಿಲ್ಲಿನ ಕಡೆ ನೋಡಿ ಮುಂದುವರಿಸಿದ. "ಕಂಬಳಿ ಆಗೇ ಆಗ್ತೈತೆ. ಹನ್ನೆರಡು ಮನೆ ಉಣ್ಣೆ ಬಂದೈತೆ. ನಾಲ್ಕು ಬೆರಳು ಬಿಟ್ಟೇ ನೇಯಿಸ್ತೀವಿ. ಈ ಸಲ ಆ ಜಾಗ ನಿಮ್ದು. ನಿಮ್ಗೆ ಕುರಿ ಇಲ್ಲ, ಗೊತ್ತು. ನಮ್ ರೊಪ್ಪಕ್ಕೆ ಬರ್ರಿ, ಬೇಕಾದ ಕುರಿ ಹಿಡ್ಕಂಡು ಕತ್ತರಿಸ್ಕಳ್ರಿ. ಬರ್ದಿದ್ರೂ ಚಿಂತಿಲ್ಲ, ಹಂಗೇ ಇರ್ತೈತೆ."

ಅಧ್ಯಕ್ಷ ಏನೋ ಹೇಳಲು ಬಾಯಿ ತೆಗೆದ. ಅತ್ತಿಗೆ ಬಿಲ್ಲನ್ನು ನೆಲಕ್ಕೆ ಊರಿ ಹುರಿಯನ್ನು ಒಮ್ಮೆ ಮೀಟಿದಳು.

ಆ ಸಂಕ್ರಾಂತಿ ಆದ ಗುರುವಾರ ಕಂಬಳಿ ಹೊದಿಸಿದೆವು. ಒಂದು ತುದಿ ಮುಜಾವರ ಹಿಡಿದ, ಇನ್ನೊಂದು ಅಣ್ಣ. ಚಾದರದ ಅಂಚನ್ನು ಮಡಚಿ ಪಟ್ಟೆ ಕಾಣುವ ಹಾಗೆ ಇಟ್ಟವಳು ನಾನು. ಅದಾದ ಮೇಲೆ ಪ್ರತಿ ವರ್ಷವೂ ಹೊದಿಸಿದ್ದೇವೆ. ಇದು ಸರಿಯಲ್ಲ ಎನ್ನುವವರು ಎರಡೂ ಕಡೆ ಇನ್ನೂ ಇದ್ದಾರೆ. ಇರಲಿ, ಬಂದು ನೋಡಲಿ. ಅಧ್ಯಕ್ಷ ಇವತ್ತಿನವರೆಗೂ ನಮ್ಮ ರೊಪ್ಪಕ್ಕೆ ಬಂದಿಲ್ಲ. ಅವನ ಜಾಗ ಹಾಗೇ ಇದೆ.